ಸೌದೆ ಉರಿಸುವ ಮನೆಯ ಚಿಮಣಿ: ಶುಚಿ ಮಾಡುವ ಕ್ರಮ, ಕಾಪಾಡಿಕೊಳ್ಳುವ ಬಗೆ

ಇದು ಗ್ಯಾಸ್ ಒಲೆಯ ಮೇಲೆ ಕೂರಿಸುವ ಕರೆಂಟ್ ಚಿಮಣಿಯ ವಿಷಯವಲ್ಲ. ಅಗ್ಗಿಷ್ಟಿಕೆಯಲ್ಲೋ ಕಬ್ಬಿಣದ ಸೌದೆ ಒಲೆಯಲ್ಲೋ ಬೆಂಕಿ ಹಾಕಿದಾಗ ಹೊಗೆಯನ್ನು ಚಾವಣಿಯ ಮೇಲಕ್ಕೆ ಸಾಗಿಸುವ ಹೊಗೆಗೂಡಿನ ವಿಷಯ. ಇಟ್ಟಿಗೆಯದಿರಲಿ, ಉಕ್ಕಿನದಿರಲಿ, ವರ್ಷಗಟ್ಟಲೆ ಅದರ ಒಳಗೆ ಯಾರೂ ಇಣುಕಿ ನೋಡುವುದಿಲ್ಲ. ಹೊಗೆ ಮೇಲೆ ಹೋಗುತ್ತಿದೆಯಲ್ಲ, ಇನ್ನೇನು ಅಂತ ಸುಮ್ಮನಿರುತ್ತೇವೆ. ಹೊಗೆ ಹೋಗುತ್ತದೆ, ನಿಜ. ಹೋಗುವಾಗ ಗೋಡೆಗೆ ಒಂದಿಷ್ಟು ಮೆತ್ತಿಯೇ ಹೋಗುತ್ತದೆ. ಹಾಗೆ ಮೆತ್ತಿದ್ದು ಬೆಂಕಿ ಹಿಡಿಯುವ ವಸ್ತು.

ಚಿಮಣಿ ಎಷ್ಟು ಕೊಳೆಯಾಗಬೇಕು ಅನ್ನುವುದು ಸೌದೆ ಒಟ್ಟಿದ ದಿನವೇ ಅರ್ಧ ತೀರ್ಮಾನವಾಗಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಇಲ್ಲಿ ಬ್ರಷ್ ಹಾಕುವ ಕ್ರಮದ ಜೊತೆಗೆ ಉರಿಸುವ ಕ್ರಮವನ್ನೂ ವಿವರವಾಗಿ ಬರೆದಿದ್ದೇನೆ.

ಒಳಗೆ ಕಟ್ಟುವುದು ಏನು?

ಸೌದೆ ಪೂರ್ತಿ ಉರಿಯದಿದ್ದರೆ ಹೊಗೆಯ ಜೊತೆ ಟಾರಿನ ಆವಿ, ನೀರಿನ ಆವಿ, ಸಣ್ಣ ಇದ್ದಿಲ ಕಣ ಎಲ್ಲ ಮೇಲೇರುತ್ತವೆ. ಕೊಳವೆಯೊಳಗೆ ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದರೆ ಈ ಆವಿ ಗೋಡೆಯ ಮೇಲೆ ಹನಿಗಟ್ಟಿ ಅಂಟಿಕೊಳ್ಳುತ್ತದೆ. ಇದನ್ನೇ ಕ್ರಿಯೋಸೋಟ್ ಅನ್ನುವುದು. ಮೇಲ್ತುದಿಯಲ್ಲಿ ಮತ್ತು ತಿರುವುಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಹೊಗೆ ತಣಿಯುವುದು, ನಿಧಾನವಾಗುವುದು ಅಲ್ಲೇ. ಮನೆಯ ಹೊರಗೋಡೆಗೆ ಅಂಟಿಸಿ ಕಟ್ಟಿದ ಚಿಮಣಿ ಮನೆ ಮಧ್ಯದಲ್ಲಿ ಏರಿದ ಚಿಮಣಿಗಿಂತ ಬೇಗ ಕೊಳೆಯಾಗುವುದೂ ಇದೇ ಕಾರಣಕ್ಕೆ. ಒಲೆ ಚಿಕ್ಕದು, ಕೊಳವೆ ದೊಡ್ಡದು ಅಂದರೂ ಹಾಗೇ.

ಕ್ರಿಯೋಸೋಟ್ ಮೂರು ರೂಪದಲ್ಲಿ ಸಿಗುತ್ತದೆ. ಮೊದಲನೆಯದು ಪುಡಿ ಮಸಿ. ಬ್ರಷ್ ತಾಗಿದರೆ ಉದುರುತ್ತದೆ. ಎರಡನೆಯದು ಹೊಳೆಯುವ ಗಟ್ಟಿ ಚಕ್ಕೆ. ಬಿಗಿಯಾಗಿ ತಿಕ್ಕಿದರೆ ಕರಕರ ಸದ್ದು ಮಾಡಿ ಕಳಚುತ್ತದೆ. ಮೂರನೆಯದು ಕರಗಿಸಿ ಸುರಿದ ಡಾಂಬರಿನಂತೆ ನುಣ್ಣಗೆ ಗೋಡೆಗೆ ಹರಡಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಗೀರಿದರೆ ಗೀಟು ಬೀಳುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ. ಮೊದಲ ಎರಡನ್ನು ನೀವೇ ತೆಗೆಯಬಹುದು. ಮೂರನೆಯದು ಕಂಡರೆ ಅಲ್ಲಿಗೇ ನಿಲ್ಲಿಸಿ, ಈ ಕೆಲಸ ಬಲ್ಲವರನ್ನು ಕರೆಯಿರಿ. ಅದಕ್ಕೆ ರಾಸಾಯನಿಕ ಹಾಕಿ ಸಡಿಲ ಮಾಡಬೇಕು, ಇಲ್ಲವೇ ತಿರುಗುವ ಸರಪಳಿ ಹಾಕಿ ಹೊಡೆಯಬೇಕು. ಕೆಲವೊಮ್ಮೆ ಒಳಕೊಳವೆಯನ್ನೇ ಬದಲಿಸಬೇಕಾಗುತ್ತದೆ. ಮನೆಯಲ್ಲಿ ಮಾಡಲು ಹೋದರೆ ಗೋಡೆ ಒಡೆಯುತ್ತದೆ, ಕ್ರಿಯೋಸೋಟ್ ಅಲ್ಲೇ ಉಳಿಯುತ್ತದೆ.

ಯಾವಾಗ ಶುಚಿ ಮಾಡಬೇಕು?

ವರ್ಷಕ್ಕೆ ಒಮ್ಮೆಯಾದರೂ ಒಳಗೆ ನೋಡಲೇಬೇಕು. ಬೆಂಕಿ ಹಾಕಿದ್ದು ಕಡಿಮೆ ಅನ್ನಿಸಿದರೂ ನೋಡಿ, ಹಕ್ಕಿ ಗೂಡು ಕಟ್ಟಿರಬಹುದು. ಚಳಿಗಾಲವಿಡೀ ದಿನಾ ಉರಿಸುವ ಮನೆಯಲ್ಲಿ ನಡುವೆ ಇನ್ನೊಂದು ಸಲ ನೋಡುವುದು ಒಳ್ಳೆಯದು. ಲೆಕ್ಕ ಸುಲಭ: ಕಟ್ಟಿದ ಪದರ 3 ಮಿಲಿಮೀಟರ್ ಆಗಿದ್ದರೆ ಶುಚಿ ಮಾಡುವ ಹೊತ್ತಾಯಿತು. 6 ಮಿಲಿಮೀಟರ್ ಆಗಿದ್ದರೆ ಶುಚಿ ಮಾಡುವವರೆಗೆ ಬೆಂಕಿಯನ್ನೇ ಹಾಕಬೇಡಿ.

ಅಳೆಯುವುದು ಹೇಗೆ ಅಂದರೆ, ಡ್ಯಾಂಪರ್ (ಹೊಗೆಯ ದಾರಿಯನ್ನು ತೆರೆಯುವ, ಮುಚ್ಚುವ ತಗಡು) ತೆಗೆದು, ಜೋರಾದ ಟಾರ್ಚ್ ಹಿಡಿದು, ಗೋಡೆಯ ಮೇಲೆ ಒಂದು ಗೀಟು ಎಳೆಯಿರಿ. ಗೀಟಿನ ಆಳ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ. ಕೈಗೆ ಸಿಗುವುದು ಕೆಳಗಿನ ಭಾಗ ಮಾತ್ರ, ಕೊಳೆ ಜಾಸ್ತಿ ಇರುವುದು ಮೇಲೆ, ಅದು ನೆನಪಿರಲಿ. ಫೋನನ್ನು ಕೋಲಿಗೆ ಕಟ್ಟಿ ಲೈಟ್ ಹಾಕಿ ವಿಡಿಯೊ ತೆಗೆದರೆ ಸಾಕಷ್ಟು ಕಾಣುತ್ತದೆ.

ಬೆಂಕಿಯ ಕಾಲ ಮುಗಿದ ಕೂಡಲೇ ಶುಚಿ ಮಾಡುವುದು ನನ್ನ ಆಯ್ಕೆ. ಮುಂದಿನ ಚಳಿಗೆ ಮುಂಚೆ ಮಾಡಿದರಾಯಿತು ಅಂತ ಬಿಟ್ಟರೆ ಮಳೆಗಾಲದ ತೇವ ಮಸಿಗೆ ಸೇರಿ ಹುಳಿ ಹಿಡಿದ ಹೊಗೆಯ ವಾಸನೆ ಮನೆಗೆಲ್ಲ ಇಳಿಯುತ್ತದೆ. ಆ ತೇವದ ಮಸಿಯಲ್ಲಿ ಆಮ್ಲದ ಗುಣವಿದೆ. ಲೋಹವನ್ನೂ ಗಾರೆಯನ್ನೂ ತಿನ್ನುತ್ತದೆ.

ಬೇಕಾದ ಸಾಮಾನು

ಬ್ರಷ್ ಆರಿಸುವಾಗ ಅವಸರ ಬೇಡ. ಇಟ್ಟಿಗೆ ಅಥವಾ ಸುಟ್ಟ ಮಣ್ಣಿನ ಒಳಕೊಳವೆಗೆ ಗಟ್ಟಿ ತಂತಿಯ ಬ್ರಷ್. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಪ್ಲಾಸ್ಟಿಕ್ ಕೂದಲಿನ ಬ್ರಷ್. ಕಬ್ಬಿಣದ ತಂತಿ ಹಾಕಿದರೆ ಗೀರು ಬಿದ್ದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಕೊಳವೆ ದುಂಡಗಿದ್ದರೆ ದುಂಡು ಬ್ರಷ್, ಚೌಕವಿದ್ದರೆ ಚೌಕ. ಅಳತೆ ಕೊಳವೆಯಷ್ಟೇ ಇರಬೇಕು, ಅಥವಾ ಒಂದು ಚೂರು ದೊಡ್ಡದು. ಸಡಿಲ ಬ್ರಷ್ ಹಾಕಿದರೆ ತೋಳು ನೋಯುತ್ತದೆ ಅಷ್ಟೇ.

ಬ್ರಷ್ ಜೋಡಿಸಲು ಒಂದಕ್ಕೊಂದು ತಿರುಪಿ ಸೇರಿಸುವ, ಬಾಗುವ ರಾಡ್‌ಗಳು ಬೇಕು. ಚಿಮಣಿಯ ಎತ್ತರಕ್ಕಿಂತ ಒಂದು ರಾಡ್ ಜಾಸ್ತಿಯೇ ಇರಲಿ. ಇನ್ನು ಹಳೆ ಬೆಡ್‌ಶೀಟ್, ದಪ್ಪ ಪ್ಲಾಸ್ಟಿಕ್ ಹಾಳೆ, ಅಂಟು ಟೇಪು, ಲೋಹದ ಬಕೆಟ್ಟು, ಸಣ್ಣ ಕೈಬ್ರಷ್, ಟಾರ್ಚ್.

ಮೈಗೆ ಹಾಕುವುದರಲ್ಲಿ ಉದಾಸೀನ ಬೇಡ. ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಕೈಗವಸು, ಉದ್ದ ತೋಳಿನ ಹಳೆ ಬಟ್ಟೆ. ಮಸಿ ಬರೀ ಕೊಳೆಯಲ್ಲ. 1775ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಗುರುತಿಸಿದ್ದರು. ಆ ಕೆಲಸಕ್ಕೆ ಕೊಳವೆಯೊಳಗೆ ಹತ್ತಿಸುತ್ತಿದ್ದದ್ದು ಸಣ್ಣ ಸಣ್ಣ ಮಕ್ಕಳನ್ನು. ವರ್ಷಕ್ಕೊಂದು ದಿನ ಮಸಿ ಮುಟ್ಟುವ ನಮಗೆ ಅಷ್ಟು ಭಯ ಬೇಕಿಲ್ಲ, ಆದರೆ ಮಾಸ್ಕ್ ಬಿಡುವುದಕ್ಕೂ ಕಾರಣವಿಲ್ಲ, ಅಲ್ವಾ?

ಒಂದು ಎಚ್ಚರಿಕೆ: ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರನ್ನು ಮಸಿಗೆ ಹಾಕಬೇಡಿ. ನುಣುಪು ಮಸಿ ಅದರ ಫಿಲ್ಟರ್ ದಾಟಿ ಹಿಂದಿನಿಂದ ಹಾರಿ ಇಡೀ ಕೋಣೆಗೆ ಕಪ್ಪು ಬಳಿಯುತ್ತದೆ. ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಬೂದಿ ವ್ಯಾಕ್ಯೂಮ್ ಇದ್ದರೆ ಸರಿ. ಇಲ್ಲದಿದ್ದರೆ ಸಲಿಕೆ, ಕೈಬ್ರಷ್ ಸಾಕು.

ಮೇಲಿನಿಂದಲೋ, ಕೆಳಗಿನಿಂದಲೋ?

ಮೇಲಿನಿಂದ ಬ್ರಷ್ ಇಳಿಸಿದರೆ ಕೋಣೆಗೆ ಮಸಿ ಬರುವುದು ಕಡಿಮೆ, ಚಿಮಣಿಯ ತಲೆಯನ್ನೂ ನೋಡಿದಂತಾಗುತ್ತದೆ. ಆದರೆ ಚಾವಣಿ ಇಳಿಜಾರಾಗಿದ್ದರೆ, ಒದ್ದೆಯಿದ್ದರೆ, ಗಾಳಿ ಬೀಸುತ್ತಿದ್ದರೆ ಹತ್ತುವುದೇ ಬೇಡ. ಕೆಳಗಿನಿಂದಲೂ ಚೆನ್ನಾಗಿಯೇ ಆಗುತ್ತದೆ, ಕೋಣೆ ಮುಚ್ಚುವ ಕೆಲಸ ಸ್ವಲ್ಪ ಹೆಚ್ಚು ಅಷ್ಟೇ. ಹತ್ತಲೇಬೇಕೆಂದರೆ ಸುರಕ್ಷತಾ ಬೆಲ್ಟ್ ಕಟ್ಟಿ, ಏಣಿ ಹಿಡಿಯಲು ಕೆಳಗೆ ಒಬ್ಬರು ಇರಲಿ.

ಶುಚಿ ಮಾಡುವ ಕ್ರಮ

1. ಬೆಂಕಿ ಆರಿ ಕನಿಷ್ಠ ಒಂದು ದಿನವಾದರೂ ಆಗಿರಬೇಕು. ಬೂದಿಯ ಕೆಳಗೆ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರುತ್ತದೆ. ಹಾಗಾಗಿ ಕೆದಕಿ ನೋಡಿ, ಬೂದಿಯನ್ನೆಲ್ಲ ಲೋಹದ ಬಕೆಟ್ಟಿಗೆ ತೆಗೆದು ಮುಚ್ಚಳ ಹಾಕಿ ಹೊರಗಿಡಿ.

2. ಹತ್ತಿರದ ಕುರ್ಚಿ, ಕಾರ್ಪೆಟ್ ಸರಿಸಿ. ನೆಲಕ್ಕೆ ಪ್ಲಾಸ್ಟಿಕ್, ಅದರ ಮೇಲೆ ಬೆಡ್‌ಶೀಟ್ ಹಾಸಿ. ಬರೀ ಪ್ಲಾಸ್ಟಿಕ್ ಇದ್ದರೆ ಕಾಲು ಜಾರುತ್ತದೆ. ಫ್ಯಾನ್, ಎಕ್ಸಾಸ್ಟ್ ಫ್ಯಾನ್ ಎಲ್ಲ ಆಫ್ ಮಾಡಿ. ಅವು ಓಡುತ್ತಿದ್ದರೆ ಮಸಿಯನ್ನು ಕೋಣೆಯೊಳಕ್ಕೇ ಎಳೆಯುತ್ತವೆ.

3. ಡ್ಯಾಂಪರನ್ನು ಪೂರ್ತಿ ತೆರೆಯಿರಿ. ಕಳಚಲು ಬರುವಂಥದ್ದಾದರೆ ಕಳಚಿ ಪಕ್ಕಕ್ಕಿಡಿ. ಕಬ್ಬಿಣದ ಒಲೆಯಾದರೆ ಒಳಗೆ ಮೇಲುಗಡೆ ಒಂದು ತಡೆತಟ್ಟೆ ಇರುತ್ತದೆ. ಅದನ್ನೂ ತೆಗೆಯಬೇಕು. ತೆಗೆಯದೆ ಬ್ರಷ್ ಹಾಕಿದರೆ ಉದುರಿದ್ದೆಲ್ಲ ಆ ತಟ್ಟೆಯ ಮೇಲೆ ಗುಡ್ಡೆಯಾಗಿ ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ಶುಚಿ ಮಾಡಿದ ಮೇಲೆ ಹೊಗೆ ಜಾಸ್ತಿಯಾಯ್ತು ಅನ್ನುವವರಲ್ಲಿ ಬಹಳಷ್ಟು ಮಂದಿ ಎಡವಿರುವುದು ಇಲ್ಲಿ. ಒಲೆಗೆ ಹೊಗೆ ಸುಡುವ ಕ್ಯಾಟಲಿಸ್ಟ್ ಇದ್ದರೆ ಅದನ್ನು ಹುಷಾರಾಗಿ ತೆಗೆದಿಡಿ, ಅದಕ್ಕೆ ತಂತಿ ಬ್ರಷ್ ತಾಗಿಸಬೇಡಿ. ಕೈಪಿಡಿಯಲ್ಲಿ ಹೇಳಿದ ಹಾಗೆಯೇ ಅದರ ಶುಚಿ ಆಗಬೇಕು.

4. ಮೇಲಿನಿಂದ ಮಾಡುವುದಾದರೆ ಒಲೆಯ ಬಾಯನ್ನು ಪ್ಲಾಸ್ಟಿಕ್ ಮತ್ತು ಟೇಪಿನಿಂದ ಬಿಗಿಯಾಗಿ ಮುಚ್ಚಿ. ಕೆಳಗಿನಿಂದಾದರೆ ಹಾಗೇ ಮುಚ್ಚಿ, ನಡುವೆ ರಾಡ್ ತೂರುವಷ್ಟು ಸಣ್ಣ ತೂತು ಮಾಡಿ. ಚಿಮಣಿಯ ತುದಿಗೆ ಹಾಕಿದ ಟೋಪಿಗೆ ಬಲೆ ಇದ್ದರೆ ಬ್ರಷ್ ಅದಕ್ಕೆ ಗುದ್ದಿ ಟೋಪಿಯನ್ನೇ ಎಬ್ಬಿಸಬಹುದು. ಎತ್ತರ ಮೊದಲೇ ಅಳೆದು ಕೊನೆಯ ರಾಡಿಗೆ ಟೇಪಿನ ಗುರುತು ಹಾಕಿಕೊಳ್ಳಿ.

5. ಬ್ರಷ್‌ಗೆ ಮೊದಲ ರಾಡ್ ತಿರುಪಿ ಒಳಗೆ ಬಿಡಿ. ಎರಡು ಮೂರು ಅಡಿ ಉದ್ದಕ್ಕೆ ಮೇಲೆ ಕೆಳಗೆ ನಾಲ್ಕಾರು ಸಲ ಎಳೆದು ತಳ್ಳಿ, ಆಮೇಲೆ ಮುಂದಿನ ರಾಡ್ ಸೇರಿಸಿ. ರಾಡನ್ನು ತಿರುಗಿಸುವುದಿದ್ದರೆ ಯಾವಾಗಲೂ ಬಿಗಿಯಾಗುವ ದಿಕ್ಕಿಗೇ, ಅಂದರೆ ಬಲಕ್ಕೇ ತಿರುಗಿಸಿ. ಮರೆತು ಎಡಕ್ಕೆ ತಿರುಗಿಸಿದರೆ ತಿರುಪು ಬಿಚ್ಚಿ ಬ್ರಷ್ ನಡುವೆಯೇ ಉಳಿದುಬಿಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಶುಚಿ ಮಾಡುವುದಕ್ಕಿಂತ ದೊಡ್ಡ ಕೆಲಸ. ಡ್ರಿಲ್ಲಿಗೆ ಜೋಡಿಸುವ ಬ್ರಷ್‌ಗೂ ಇದೇ ನಿಯಮ.

6. ಬ್ರಷ್ ಎಲ್ಲಾದರೂ ಸಿಕ್ಕಿಕೊಂಡರೆ ಜೋರು ಮಾಡಬೇಡಿ. ತಿರುವಿರಬಹುದು, ಕೊಳವೆಯ ಜೋಡಣೆ ಸರಿದಿರಬಹುದು, ಒಡೆದ ಚೂರು ಅಡ್ಡ ನಿಂತಿರಬಹುದು. ಎಷ್ಟು ಎತ್ತರದಲ್ಲಿ ಸಿಕ್ಕಿತು ಅಂತ ರಾಡಿನ ಮೇಲೆ ಗುರುತು ಮಾಡಿಟ್ಟುಕೊಳ್ಳಿ, ಆಮೇಲೆ ಕ್ಯಾಮೆರಾ ಬಿಟ್ಟು ನೋಡಲು ಅನುಕೂಲ.

7. ಬೀಳುವ ಸದ್ದು ನಿಂತ ಮೇಲೂ ಒಂದೆರಡು ಸಲ ಪೂರ್ತಿ ಉದ್ದಕ್ಕೆ ಎಳೆಯಿರಿ. ಆಮೇಲೆ ಅರ್ಧ ಗಂಟೆಯಾದರೂ ಬಿಡಿ. ಧೂಳು ಕೂರಬೇಕು. ತಕ್ಷಣ ಪ್ಲಾಸ್ಟಿಕ್ ಕಿತ್ತರೆ ಕಷ್ಟಪಟ್ಟು ಮುಚ್ಚಿದ್ದೆಲ್ಲ ದಂಡ.

8. ಅಗ್ಗಿಷ್ಟಿಕೆಯಾದರೆ ಡ್ಯಾಂಪರಿನ ಹಿಂದುಗಡೆ ಒಂದು ಕಟ್ಟೆ ಇರುತ್ತದೆ. ಕೈ ಹಾಕಿದರೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲಿನಿಂದ ಬಿದ್ದದ್ದರಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಕೂತಿರುತ್ತದೆ: ಮಸಿ, ಗಾರೆಯ ಚೂರು, ಒಣ ಎಲೆ, ಹಕ್ಕಿಯ ಗರಿ. ಅದನ್ನು ಕೈಬ್ರಷ್‌ನಿಂದ ಎಳೆದು ತೆಗೆಯಿರಿ. ಚಿಮಣಿಯ ಬುಡದಲ್ಲಿ ಹೊರಗಡೆ ಶುಚಿ ಬಾಗಿಲು ಇದ್ದರೆ ಅದರಿಂದಲೂ ತೆಗೆದು, ಬಾಗಿಲನ್ನು ಗಾಳಿ ಆಡದಂತೆ ಮುಚ್ಚಿ.

ತೆಗೆದ ಮಸಿಯಲ್ಲಿ ಗಾರೆಯ ಪುಡಿ ಅಥವಾ ಸುಟ್ಟ ಮಣ್ಣಿನ ಚೂರು ಇದೆಯಾ ಅಂತ ಬಕೆಟ್ಟಿನಲ್ಲಿ ಒಮ್ಮೆ ಕೆದಕಿ ನೋಡಿ. ಇದ್ದರೆ ಒಳಕೊಳವೆ ಒಡೆಯುತ್ತಿದೆ ಅಂತ ಅರ್ಥ. ಆ ಬಿರುಕಿನಿಂದ ಬಿಸಿ ಮತ್ತು ಹೊಗೆ ಪಕ್ಕದ ಮರದ ತೊಲೆಗೆ ತಲುಪುತ್ತದೆ. ರಿಪೇರಿ ಆಗುವವರೆಗೆ ಒಲೆ ಹಚ್ಚುವಂತಿಲ್ಲ.

ಚಿಮಣಿಯ ತಲೆ ಮತ್ತು ಮೈ

ಮೇಲೆ ಹತ್ತಿದಾಗ, ಅಥವಾ ಕೆಳಗಿನಿಂದ ದುರ್ಬೀನು ಹಿಡಿದು, ಟೋಪಿ ನೋಡಿ. ಮಳೆ, ಹಕ್ಕಿ, ಕಿಡಿ ಮೂರನ್ನೂ ತಡೆಯುವುದು ಅದೇ. ಅದರ ಬಲೆಯ ಕಣ್ಣುಗಳು ಮಸಿಯಿಂದ ಮುಚ್ಚಿಹೋಗಿದ್ದರೆ ಒಲೆ ಹೊಗೆ ಉಗುಳುತ್ತದೆ. ಟೋಪಿಯ ಕೆಳಗಿನ ಗಾರೆಯ ಹೊದಿಕೆಯಲ್ಲಿ ಬಿರುಕು, ಚಾವಣಿಗೆ ಚಿಮಣಿ ಸೇರುವಲ್ಲಿನ ತಗಡು ಎದ್ದಿರುವುದು, ಇಟ್ಟಿಗೆಯ ಮೇಲೆ ಬಿಳಿ ಉಪ್ಪಿನ ಕಲೆ ಇವೆಲ್ಲ ನೀರು ಒಳಗೆ ಹೋಗುತ್ತಿರುವ ಗುರುತು. ಎತ್ತರದ ವಿಷಯದಲ್ಲಿ ಹಳೆಯ ಲೆಕ್ಕ ಒಂದಿದೆ: ಚಾವಣಿಯಿಂದ ಹೊರಬಂದ ಜಾಗಕ್ಕಿಂತ ಕನಿಷ್ಠ 3 ಅಡಿ ಮೇಲೆ, ಸುತ್ತ 10 ಅಡಿ ದೂರದೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಮೇಲೆ ಇರಬೇಕು. ಅಷ್ಟಿಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಇಳಿಯುತ್ತದೆ. ಮರದ ಕೊಂಬೆ ಬೆಳೆದು ಮೇಲೆ ಬಾಗಿದ್ದರೆ ಕಡಿಸಿ.

ಕಬ್ಬಿಣದ ಒಲೆಯ ಬಾಗಿಲಿನ ಸುತ್ತ ಹಗ್ಗದಂಥ ಪಟ್ಟಿ ಇರುತ್ತದೆ. ತಣ್ಣಗಿರುವಾಗ ಬಾಗಿಲಿಗೆ ಒಂದು ಕಾಗದದ ತುಂಡು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಪಟ್ಟಿ ಸವೆದಿದೆ, ಬದಲಿಸಿ.

ಉರಿಸುವ ಕ್ರಮ

ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಬಿಸಿ ಖರ್ಚಾಗುತ್ತದೆ, ಹೊಗೆ ತಣ್ಣಗಾಗುತ್ತದೆ, ಟಾರು ಗೋಡೆಗೆ ಅಂಟುತ್ತದೆ. ಸೌದೆಯಲ್ಲಿ ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಅಷ್ಟು ಒಣಗಲು ಮೆದು ಮರಕ್ಕೆ ಆರು ತಿಂಗಳಿಂದ ಒಂದು ವರ್ಷ, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಮೊದಲು ಸೀಳಿ, ಆಮೇಲೆ ಒಟ್ಟಿ. ದಿಮ್ಮಿಯಾಗಿಯೇ ಇಟ್ಟರೆ ತೊಗಟೆ ತೇವವನ್ನು ಹೊರಗೆ ಬಿಡುವುದಿಲ್ಲ. ನೆಲಕ್ಕೆ ತಾಗದಂತೆ ಅಡಿಗೆ ಹಲಗೆ, ಮೇಲೆ ಮಾತ್ರ ಹೊದಿಕೆ. ಪಕ್ಕಗಳನ್ನೂ ಟಾರ್ಪಾಲಿನಿಂದ ಸುತ್ತಿ ಕಟ್ಟುವವರು ಬಹಳ ಜನ. ಹಾಗೆ ಕಟ್ಟಿದರೆ ಸೌದೆ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ.

ಒಣಗಿದೆಯಾ ಅಂತ ನೋಡಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಠಣ್ ಅನ್ನುತ್ತದೆ, ಹಸಿ ಇದ್ದದ್ದು ದಪ್ ಅನ್ನುತ್ತದೆ. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಬೆರಳಿನಿಂದ ಎಬ್ಬಿಸಿದರೆ ಏಳಬೇಕು. ತೇವ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ತುಂಡನ್ನು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ. ಹೊರಮೈ ಯಾವಾಗಲೂ ಒಣಗಿದಂತೆಯೇ ತೋರಿಸುತ್ತದೆ. ಬೆಂಕಿಗೆ ಹಾಕಿದ ಮೇಲೆ ತುದಿಯಲ್ಲಿ ನೊರೆ ಬಂದು ಸುಯ್ ಅಂದರೆ ಮೀಟರೇ ಬೇಡ.

ಬಣ್ಣ ಹಚ್ಚಿದ ಮರ, ಪ್ಲೈವುಡ್, ಹುಳ ಹಿಡಿಯದಂತೆ ಔಷಧಿ ಹಾಕಿದ ಮರ, ಪ್ಲಾಸ್ಟಿಕ್ ಇವನ್ನು ಎಂದೂ ಹಾಕಬೇಡಿ. ಸಮುದ್ರದಿಂದ ತೇಲಿಬಂದ ಮರವೂ ಬೇಡ, ಅದರ ಉಪ್ಪು ಲೋಹವನ್ನು ತಿನ್ನುತ್ತದೆ.

ಹಚ್ಚುವಾಗ ದಪ್ಪ ತುಂಡು ಕೆಳಗೆ, ಸಣ್ಣವು ಅದರ ಮೇಲೆ, ಎಲ್ಲಕ್ಕೂ ಮೇಲೆ ಪುರಳೆ. ಬೆಂಕಿ ಮೇಲಿಂದ ಹಚ್ಚಿ. ನೋಡಲು ವಿಚಿತ್ರ ಅನ್ನಿಸಿದರೂ ಹೊಗೆ ತುಂಬಾ ಕಡಿಮೆ, ಯಾಕೆಂದರೆ ಕೆಳಗಿನಿಂದ ಏಳುವ ಹೊಗೆ ಉರಿಯ ಮೂಲಕವೇ ಹಾದು ಅಲ್ಲೇ ಸುಡುತ್ತದೆ. ಮೊದಲ 15-20 ನಿಮಿಷ ಗಾಳಿಯ ಕಿಂಡಿ ಪೂರ್ತಿ ತೆರೆದಿರಲಿ, ಕೊಳವೆ ಬಿಸಿಯಾಗಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಿ, ಪೂರ್ತಿ ಮುಚ್ಚಬೇಡಿ. ರಾತ್ರಿ ಮಲಗುವಾಗ ಒಲೆ ತುಂಬ ಸೌದೆ ಹೇರಿ, ಗಾಳಿ ಬಂದ್ ಮಾಡಿ, ಬೆಳಗಿನವರೆಗೆ ಹೊಗೆಯಾಡಿಸುವ ಅಭ್ಯಾಸ ಕೆಲವರಿಗಿದೆ. ಚಿಮಣಿ ಹಾಳು ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಸರಿಯಾಗಿ ಉರಿಯುತ್ತಿದೆಯಾ ಅಂತ ತಿಳಿಯಲು ಹೊರಗೆ ಹೋಗಿ ಚಿಮಣಿಯ ತುದಿ ನೋಡಿ. ಬೆಂಕಿ ಹಿಡಿದ ಮೇಲೆ ಹೊಗೆ ಕಾಣುವುದೇ ಕಷ್ಟ ಅನ್ನುವಷ್ಟು ತೆಳು ಇರಬೇಕು. ದಟ್ಟ ಹೊಗೆ, ಒಲೆಯ ಗಾಜು ಕಪ್ಪಾಗುವುದು ಎರಡೂ ಗಾಳಿ ಸಾಲದು ಅನ್ನುವುದರ ಗುರುತು. ಒಂಟಿ ಪದರದ ಹೊಗೆಕೊಳವೆಗೆ ಅಂಟಿಸುವ ಆಯಸ್ಕಾಂತದ ಥರ್ಮಾಮೀಟರ್ ಸಿಗುತ್ತದೆ. ಮುಳ್ಳು ಸುಮಾರು 120ರಿಂದ 240 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಸರಿ.

ಆಲೂಗಡ್ಡೆ ಸಿಪ್ಪೆ ಸುಟ್ಟರೆ ಚಿಮಣಿ ಶುಚಿಯಾಗುತ್ತದೆ ಅಂತ ಒಂದು ಮಾತಿದೆ. ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಚಿಮಣಿ ಪುಡಿ, ದಿಮ್ಮಿಗಳು ಕ್ರಿಯೋಸೋಟನ್ನು ಒಣಗಿಸಿ ಸಡಿಲ ಮಾಡುತ್ತವೆ, ಆದರೆ ಅದನ್ನು ಕೆಳಗಿಳಿಸಲು ಬ್ರಷ್ಷೇ ಬೇಕು. ಒಂದು ಸಲ ಜೋರಾಗಿ ಉರಿಸಿದರೆ ಎಲ್ಲಾ ಸುಟ್ಟುಹೋಗುತ್ತದೆ ಅನ್ನುವ ಸಲಹೆಯಂತೂ ನಾವೇ ಚಿಮಣಿಗೆ ಬೆಂಕಿ ಇಟ್ಟಂತೆ.

ಹೊಗೆ ವಾಪಸ್ ಬಂದರೆ

ಶುಚಿ ಮಾಡಿದ ಮೇಲೆ ಮೊದಲ ಬೆಂಕಿ ಚಿಕ್ಕದಿರಲಿ. ಕೊಳವೆ ತಣ್ಣಗಿದ್ದರೆ ಒಳಗಿನ ಭಾರದ ಗಾಳಿ ಕೆಳಗೆ ಒತ್ತುತ್ತಿರುತ್ತದೆ. ಒಂದು ಕಾಗದದ ಸುರುಳಿ ಹಚ್ಚಿ ಡ್ಯಾಂಪರಿನ ಹತ್ತಿರ ಹಿಡಿದರೆ ಎಳೆತ ಶುರುವಾಗುತ್ತದೆ. ಆದರೂ ಹೊಗೆ ಕೋಣೆಗೆ ಬಂದರೆ ಅಡುಗೆಮನೆಯ ಎಕ್ಸಾಸ್ಟ್ ಓಡುತ್ತಿದೆಯಾ ನೋಡಿ, ಒಂದು ಕಿಟಕಿ ಸ್ವಲ್ಪ ತೆರೆಯಿರಿ. ಅದಕ್ಕೂ ನಿಲ್ಲದಿದ್ದರೆ ಬೆಂಕಿ ಆರಲು ಬಿಟ್ಟು ಅಡ್ಡಿ ಎಲ್ಲಿದೆ ಅಂತ ಹುಡುಕಬೇಕು.

ಒಲೆ ಇರುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯವರಿಗೆಲ್ಲ ಒಟ್ಟಿಗೆ ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಸಹಾಯಕ್ಕೆ ಕರೆ ಮಾಡಿ.

ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲೇ ಇಡಿ. ಡಬ್ಬಿ ಮನೆಯಿಂದ 10 ಅಡಿ ದೂರ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲಿರಲಿ, ಮರದ ಜಗಲಿಯ ಮೇಲೆ ಬೇಡ.

ಚಿಮಣಿಗೇ ಬೆಂಕಿ ಬಿದ್ದರೆ

ಕೊಳವೆಯೊಳಗೆ ಗುಡುಗುಡು ಅಂತ ದೊಡ್ಡ ಸದ್ದು, ಕೊಳವೆ ನಡುಗುವುದು, ತುದಿಯಲ್ಲಿ ದಟ್ಟ ಹೊಗೆ ಅಥವಾ ಜ್ವಾಲೆ ಕಾಣುವುದು ಇದರ ಲಕ್ಷಣ. ಒಳಗಿನ ಬಿಸಿ 1100 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕೈಗೆ ಸುಲಭವಾಗಿ ಸಿಗುವಂತಿದ್ದರೆ ಮಾತ್ರ ಒಲೆಯ ಬಾಗಿಲು ಮತ್ತು ಗಾಳಿಯ ಕಿಂಡಿ ಮುಚ್ಚಿ. ಮೇಲಿನಿಂದ ನೀರು ಸುರಿಯಬೇಡಿ. ಕಾದ ಕೊಳವೆ ಒಮ್ಮೆಲೇ ತಣಿದು ಸಿಡಿಯುತ್ತದೆ.

ಕೆಲವು ಬೆಂಕಿ ಸದ್ದೇ ಇಲ್ಲದೆ ಉರಿದು ಆರಿರುತ್ತವೆ, ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ. ಮುಂದಿನ ಸಲ ಬ್ರಷ್ ಹಾಕಿದಾಗ ಉಬ್ಬಿ ಹಗುರವಾದ, ಜೇನುಗೂಡಿನ ಹಾಗೆ ತೂತು ತೂತಾದ ಮಸಿ ಸಿಕ್ಕಿದರೆ, ಡ್ಯಾಂಪರ್ ಸೊಟ್ಟಗಾಗಿದ್ದರೆ, ಟೋಪಿಯ ಬಣ್ಣ ಸುಟ್ಟು ಬದಲಾಗಿದ್ದರೆ, ಅಂಥದ್ದೊಂದು ಆಗಿಹೋಗಿದೆ ಅಂತ ತಿಳಿಯಿರಿ. ಸದ್ದಿನದಾಗಲಿ ಸದ್ದಿಲ್ಲದ್ದಾಗಲಿ, ಬಲ್ಲವರು ಕ್ಯಾಮೆರಾ ಇಳಿಸಿ ಒಳಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿ ಸರಿಯಿದೆ ಅನ್ನುವವರೆಗೆ ಆ ಒಲೆಗೆ ಕಡ್ಡಿ ಗೀರಬೇಡಿ.